ಹಳೆಯ ಟ್ರ್ಯಾಕ್ಟರ್ ಉಳುಮೆಗೆ ಇಳಿದ ಅರ್ಧ ಗಂಟೆಯಲ್ಲೇ ವಿಪರೀತ ಕಾಯುತ್ತದೆ: ಹೆಡ್ ಬಿಚ್ಚಲೇಬೇಕೇ?

ಪ್ರಶ್ನೆ:
ಮೂರು ಸಿಲಿಂಡರಿನ, ಸುಮಾರು 30 ವರ್ಷ ಹಳೆಯ ಡೀಸೆಲ್ ಟ್ರ್ಯಾಕ್ಟರ್ ಒಂದು ನನ್ನ ಬಳಿ ಇದೆ. ಟ್ರೇಲರ್ ಕಟ್ಟಿಕೊಂಡು ರಸ್ತೆಯಲ್ಲಿ ಎಷ್ಟು ದೂರ ಓಡಿಸಿದರೂ ಮೀಟರಿನ ಮುಳ್ಳು ಹಸಿರು ಪಟ್ಟಿಯನ್ನು ದಾಟುವುದಿಲ್ಲ. ರೋಟವೇಟರ್ ಹೂಡಿ ಹೊಲಕ್ಕೆ ಇಳಿದರೆ ಮಾತ್ರ ಅರ್ಧ ಗಂಟೆಯೊಳಗೆ ಮುಳ್ಳು ಕೆಂಪಿಗೆ ಏರಿ, ರೇಡಿಯೇಟರಿನಿಂದ ನೀರು ಉಕ್ಕಿ ಹೊರಬರುತ್ತದೆ. ರೇಡಿಯೇಟರಿನ ಹೊರಮೈ ತೊಳೆದಿದ್ದೇನೆ. ಫ್ಯಾನ್ ಬೆಲ್ಟ್ ಹೊಸದು. ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟಾಟನ್ನೇ (ನೀರು ಕಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಕವಾಟ) ಕಿತ್ತುಹಾಕಿದರು, ಗುಣ ಕಾಣಲಿಲ್ಲ. ಈಗ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಬಿಚ್ಚಬೇಕು ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಉಳಿದಿದೆಯೇ?

ಉತ್ತರ 1:
ಹೆಡ್ಡಿಗೆ ಕೈ ಹಾಕುವ ಕಾಲ ಇನ್ನೂ ಬಂದಿಲ್ಲ. ಎಂಜಿನ್ ಯಾವಾಗ ಕಾಯುತ್ತದೆ ಎಂಬುದೇ ಅರ್ಧ ಉತ್ತರ. ಹಗುರ ಕೆಲಸದಲ್ಲಿ ಸರಿಯಿದ್ದು, ಭಾರ ಬಿದ್ದಾಗ ನಿಧಾನವಾಗಿ ಏರುತ್ತಾ ಹೋದರೆ, ಎಂಜಿನ್ ಹುಟ್ಟಿಸುವ ಶಾಖದಷ್ಟನ್ನು ರೇಡಿಯೇಟರ್ ಹೊರಹಾಕಲಾಗುತ್ತಿಲ್ಲ ಎಂದೇ ಮೊದಲು ಸಂಶಯಿಸಬೇಕು. ಹೆಡ್ಡಿನ ಕೆಳಗಿನ ಸೀಲಾದ ಗ್ಯಾಸ್ಕೆಟ್ ಪೂರ್ತಿ ಹೋಗಿದ್ದರೆ ಸಾಮಾನ್ಯವಾಗಿ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಲಕ್ಷಣ ತೋರುತ್ತದೆ.

ಹೊರಮೈ ತೊಳೆದದ್ದು ಒಳ್ಳೆಯದೇ, ಆದರೆ ನೀರನ್ನು ಮುಂದಿನಿಂದ ಹಾಯಿಸಿದ್ದರೆ ಹೊಟ್ಟು ಮತ್ತು ಧೂಳು ಜಾಲರಿಯ ಒಳಕ್ಕೇ ಒತ್ತಿಕೊಂಡಿರುತ್ತವೆ. ಫ್ಯಾನಿನ ಕಡೆಯಿಂದ ಹೊರಕ್ಕೆ ಹಾಯಿಸಬೇಕು. ಅನಂತರ ಎಂಜಿನನ್ನು ಬಿಸಿಯಾಗುವಷ್ಟು ಓಡಿಸಿ, ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮುಖವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಅಳೆಯಿರಿ. ಶಾಖ ಕ್ರಮವಾಗಿ ಇಳಿಯುತ್ತಾ ಬರಬೇಕು. ನಡುವೆ ಎಲ್ಲಾದರೂ ಸುತ್ತಮುತ್ತಲಿಗಿಂತ ತೀರಾ ತಣ್ಣಗಿರುವ ತುಣುಕು ಸಿಕ್ಕಿದರೆ, ಅಲ್ಲಿನ ಕೊಳವೆಗಳು ಸುಣ್ಣದ ಪದರದಿಂದ ಕಟ್ಟಿಕೊಂಡಿವೆ ಎಂದು ತಿಳಿಯಿರಿ. ಮೀಟರಿನ ಮಾತು ನಿಜವೋ ಸುಳ್ಳೋ ಎಂಬುದನ್ನೂ ಅದೇ ಥರ್ಮಾಮೀಟರಿನಿಂದ ಥರ್ಮೋಸ್ಟಾಟ್ ಕವಚದ ಮೇಲೆ ಅಳೆದು ನೋಡಬಹುದು.

ಉತ್ತರ 2:
ಥರ್ಮೋಸ್ಟಾಟ್ ಕಿತ್ತುಹಾಕಿದ್ದಕ್ಕೆ ನನ್ನ ಆಕ್ಷೇಪವಿದೆ. ಬೈಪಾಸ್ ಇರುವ ಅನೇಕ ಎಂಜಿನ್ನುಗಳಲ್ಲಿ, ಥರ್ಮೋಸ್ಟಾಟ್ ತೆರೆದುಕೊಳ್ಳುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದು ಇಲ್ಲವಾದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿಗೆ ಹಿಂದಿರುಗುತ್ತದೆ. ಹಾಗಾಗಿ ಅದನ್ನು ತೆಗೆದ ಮೇಲೆ ಕಾಯುವುದು ಹೆಚ್ಚಿದರೂ ಆಶ್ಚರ್ಯವಿಲ್ಲ. ಹಳೆಯದನ್ನೇ ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿರಿ. ಅದರ ಮೇಲೆ 82 ಎಂದು ಅಚ್ಚಾಗಿದ್ದರೆ ಸುಮಾರು ಅಷ್ಟು ಡಿಗ್ರಿಯಲ್ಲಿ ಬಾಯಿ ಬಿಡಲಾರಂಭಿಸಿ, ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ರೇಡಿಯೇಟರಿನ ಮುಚ್ಚಳವನ್ನು ಯಾರೂ ನೋಡುವುದಿಲ್ಲ. 7 ಪಿಎಸ್‌ಐ (ಒತ್ತಡದ ಅಳತೆ) ಮುಚ್ಚಳ ಸರಿಯಿದ್ದರೆ ನೀರು ಸುಮಾರು 110 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ; ರಬ್ಬರ್ ಒಣಗಿ ಒತ್ತಡ ನಿಲ್ಲದಿದ್ದರೆ 100ಕ್ಕೇ ಉಕ್ಕುತ್ತದೆ.

ಇನ್ನೊಂದು ಮಾತು: ರೋಟವೇಟರ್ ಎಳೆಯುವಾಗ ಕಪ್ಪು ಹೊಗೆ ದಟ್ಟವಾಗಿ ಬರುತ್ತಿದೆಯೇ? ಕಪ್ಪು ಹೊಗೆ ಬಂದರೆ ಗಾಡಿಗೆ ಶಕ್ತಿ ಜಾಸ್ತಿ ಎಂದು ಮೀಸೆ ತಿರುವುವವರಿದ್ದಾರೆ. ಏರ್ ಫಿಲ್ಟರ್ ಕಟ್ಟಿಕೊಂಡಿದೆ ಅಥವಾ ಪಂಪ್ ಅಗತ್ಯಕ್ಕಿಂತ ಹೆಚ್ಚು ಡೀಸೆಲ್ ಕೊಡುತ್ತಿದೆ ಎಂಬುದು ಅದರ ಅರ್ಥ; ಎರಡರಲ್ಲೂ ಎಂಜಿನ್ ಕಾಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೊಗೆ ಸಾಧಾರಣವಾಗಿದೆ. ರೇಡಿಯೇಟರಿನ ಮೇಲ್ಭಾಗ 91 ಡಿಗ್ರಿ ತೋರಿಸಿತು. ಕೆಳಗಿನ ಎಡ ಮೂಲೆಯಲ್ಲಿ ಎರಡು ಅಂಗೈಯಷ್ಟು ಜಾಗ ಮಾತ್ರ 48 ಡಿಗ್ರಿಯಲ್ಲೇ ನಿಂತಿತ್ತು. ಇನ್ನೊಂದು ಸಂಗತಿ ಅಚಾನಕ್ಕಾಗಿ ಕಣ್ಣಿಗೆ ಬಿತ್ತು. ನಿಂತಲ್ಲೇ ರೇಸ್ ಏರಿಸಿದಾಗ ಕೆಳಗಿನ ಹೋಸ್ ಪೈಪ್ ಯಾರೋ ಹಿಂಡಿದ ಹಾಗೆ ನಡುವೆ ಚಪ್ಪಟೆಯಾಗುತ್ತಿತ್ತು. ರೇಸ್ ಇಳಿಸಿದರೆ ಮತ್ತೆ ಉಬ್ಬುತ್ತಿತ್ತು.

ಉತ್ತರ 3:
ಹಾಗಿದ್ದರೆ ದೋಷ ಎರಡು ಕಡೆ ಇದೆ: ಆ ತಣ್ಣನೆಯ ಮೂಲೆಯಲ್ಲಿ ಕಟ್ಟಿಕೊಂಡ ರೇಡಿಯೇಟರ್ ಒಂದು, ಚಪ್ಪಟೆಯಾಗುವ ಕೆಳಗಿನ ಪೈಪ್ ಇನ್ನೊಂದು. ಕೆಳಗಿನ ಪೈಪ್ ವಾಟರ್ ಪಂಪಿನ ಹೀರುವ ಬದಿಯಲ್ಲಿರುವುದರಿಂದ, ಅದರೊಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಸವೆದಿದ್ದರೆ ಅಥವಾ ರಬ್ಬರ್ ಮೆತ್ತಗಾಗಿದ್ದರೆ, ರೇಸ್ ಹೆಚ್ಚಿದಷ್ಟೂ ಅದು ಕುಗ್ಗಿ ನೀರಿನ ದಾರಿಯನ್ನು ಕಟ್ಟುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಪಂಪಿನ ಸೆಳೆತ ಇನ್ನೂ ಜೋರಾಗಿ ಪೈಪಿನ ಮೇಲೆ ಬೀಳುತ್ತದೆ. ಸ್ಪ್ರಿಂಗ್ ಇರುವ ಹೊಸ ಪೈಪ್ ಹಾಕಿರಿ. ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದಾಗಿದ್ದರೆ ಮೇಲಿನ ಟ್ಯಾಂಕ್ ಬಿಡಿಸಿ ಕೊಳವೆಗಳಿಗೆ ಸರಳು ಹಾಯಿಸಿ ಶುಚಿ ಮಾಡಿಸಬಹುದು. ಅಲ್ಯೂಮಿನಿಯಂ ಆಗಿದ್ದರೆ ಆ ಕೆಲಸಕ್ಕೆ ಹೋಗಬೇಡಿ, ಆಮ್ಲವನ್ನಂತೂ ಸುರಿಯಲೇಬೇಡಿ.

ಗ್ಯಾಸ್ಕೆಟ್ಟಿನ ಬಗ್ಗೆ ಸಂಶಯ ಉಳಿದರೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಫ್ಯಾನ್ ಬೆಲ್ಟ್ ಕಳಚಿ, ರೇಡಿಯೇಟರನ್ನು ಬಾಯಿಮಟ್ಟ ತುಂಬಿಸಿ, ಮುಚ್ಚಳವಿಲ್ಲದೆ ಒಂದು ನಿಮಿಷ ಮಾತ್ರ ಓಡಿಸಿರಿ. ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೂ ಸರಿಯೇ ಆಗಬಹುದು. ನೀರು ನಿಶ್ಚಲವಾಗಿದ್ದರೆ ಥರ್ಮೋಸ್ಟಾಟ್ ಮರಳಿ ಕೂಡಿಸಿ, ಬೋರಿನ ಗಡಸು ನೀರಿನ ಬದಲು ಕೂಲೆಂಟ್ ಬೆರೆಸಿದ ಡಿಸ್ಟಿಲ್ಡ್ ನೀರನ್ನು ತುಂಬಿ, ಒಂದು ಗಂಟೆ ರೋಟವೇಟರ್ ಹೊಡೆದು ಮುಳ್ಳು ಎಲ್ಲಿ ನಿಂತಿತೆಂದು ಇಲ್ಲಿ ತಿಳಿಸಿರಿ.