ಸಹಾಯ ಬೇಕು: ಆಂಟಿವೈರಸ್ ಕನ್ನಡ ಟೈಪಿಂಗನ್ನೇ ತಡೀಲಿಕ್ಕತ್ತದ

ಎಲ್ಲರಿಗೂ ಶರಣು. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಅದ. ದಿನಾ ಕಾಲೇಜ್ ಹುಡುಗ್ರು, ವಕೀಲ್ರು ಪೆನ್‌ಡ್ರೈವ್ ತಂದು ಹಾಕ್ತಾರ. ಯಾವುದರಾಗ ಏನದ ಅಂತ ಯಾರಿಗೆ ಗೊತ್ತು! ಹಳೇ ಆಂಟಿವೈರಸ್ ತನ್ನ ಪಟ್ಟಿಯೊಳಗಿನ ಸಿಗ್ನೇಚರ್‌ಗೆ (ಗೊತ್ತಿರೋ ವೈರಸ್‌ನ ಗುರುತಿಗೆ) ಹೊಂದೋ ಫೈಲ್ ಅಷ್ಟೇ ಹಿಡೀತಿತ್ತು. ಹೊಸಾ ವೈರಸ್ ಬಂದ್ರ ಅಪ್‌ಡೇಟ್ ಬರೋ ತನಕ ಸುಮ್ಮನೆ. ಅದಕ್ಕ ಪ್ರೋಗ್ರಾಮ್‌ನ ನಡವಳಿಕೆ ನೋಡಿ ಹಿಡಿಯೋ ಆಂಟಿವೈರಸ್ ಹಾಕಿಸೀವಿ. ಯಾವುದರೆ ಪ್ರೋಗ್ರಾಮ್ ಒಂದೇ ಸವನೆ ಫೈಲ್ ಎನ್‌ಕ್ರಿಪ್ಟ್ ಮಾಡ್ಲಿಕ್ಕತ್ರ ನಿಲ್ಲಿಸ್ತದ. ಹಂಗ ಫೈಲ್ ಲಾಕ್ ಮಾಡಿ ರೊಕ್ಕ ಕೇಳೋ ರ್‍ಯಾನ್ಸಮ್‌ವೇರ್‌ಗೆ ಇದೇ ಬೇಕು, ಒಪ್ತೀನಿ.

ತ್ರಾಸ ಏನಂದ್ರ, ನಮ್ಮ ಹಳೇ ಕನ್ನಡ ಟೈಪಿಂಗ್ ತಂತ್ರಾಂಶ ಒತ್ತಿದ ಪ್ರತಿ ಕೀಲಿನ್ನ ನಡುವೇ ಹಿಡಿದು ಅಕ್ಷರ ಬದಲಿಸ್ತದ. ಒತ್ತಿದ ಕೀಲಿ ಕದಿಯೋ ಕೀಲಾಗರ್ ಅನ್ನೋ ಕಳ್ಳ ಪ್ರೋಗ್ರಾಮೂ ಕೀಲಿನ್ನ ಹಿಡಿಯೋದು ಅಲ್ಲೇ! ಹಿಂಗಾಗಿ ಆಂಟಿವೈರಸ್ ಇದನ್ನೂ ಕೀಲಾಗರ್ ಅಂತ ತಿಳಿದು, ಅರ್ಜಿ ಟೈಪ್ ಮಾಡೋದ್ರಾಗ ಬಂದ್ ಮಾಡ್ತದ. ಪೂರಾ ಫೋಲ್ಡರ್‌ಗೆ ವಿನಾಯಿತಿ ಕೊಟ್ರ ವೈರಸ್ ಅಲ್ಲೇ ಹೋಗಿ ಕೂತೀತು. ಆ ಒಂದೇ ಫೈಲ್‌ಗೆ, ಅದರ ಹ್ಯಾಶ್ (ಫೈಲಿನ ಬೆರಳಚ್ಚು ಇದ್ದಂಗ ಇರೋ ಸಂಕೇತ) ನೋಡಿ, ವಿನಾಯಿತಿ ಕೊಡೋದು ಹ್ಯಾಂಗ?

ಇನ್ನೊಂದು. ಆಂಟಿವೈರಸ್ ಕೆಲಸ ಮಾಡ್ತದೋ ಇಲ್ಲೋ ನೋಡ್ಲಿಕ್ಕೆ ಇರೋ, ಅಪಾಯ ಇಲ್ಲದ ಐಕಾರ್ ಟೆಸ್ಟ್ ಫೈಲ್ ಸಿಗ್ನೇಚರ್ ಅಷ್ಟೇ ಪರೀಕ್ಷೆ ಮಾಡ್ತದ. ನಡವಳಿಕೆ ಹಿಡಿಯೋದನ್ನ ಅಪಾಯ ಇಲ್ಲದೆ ನೋಡೋ ದಾರಿ ಅದೇನ್ರಿ? ವಿಂಡೋಸ್ 10, ರ್‍ಯಾಮ್ 4 ಜಿಬಿ. ‘ಫಾರ್ಮ್ಯಾಟ್ ಹೊಡೀರಿ’ ಅನ್ನೋ ಸಲಹೆ ಮಾತ್ರ ಬ್ಯಾಡ್ರೆಪ್ಪಾ.