ಹೃದಯ ನಿಂತು ಬದುಕಿ ಬಂದ ಅಪ್ಪ ಹೇಳೋದನ್ನ ಹೇಗೆ ಕೇಳಬೇಕು?

ಕೇಳಿದವರು, ಶ್ರೀನಿವಾಸಪುರ:
ಅಪ್ಪನಿಗೆ 61. ಹೋದ ತಿಂಗಳು ಆಸ್ಪತ್ರೆಯಲ್ಲೇ ಹೃದಯ ನಿಂತುಹೋಯಿತು. ಎದೆ ಒತ್ತಿ, ಶಾಕ್ ಕೊಟ್ಟು ಉಳಿಸಿಕೊಂಡರು. ಈಗ ರಾತ್ರಿ ಹೊತ್ತು ಅಮ್ಮನ ಹತ್ತಿರ ಮಾತ್ರ ಹೇಳುತ್ತಾರೆ, 'ಮೇಲಿಂದ ನನ್ನ ಮೈನ ನಾನೇ ನೋಡಿದೆ, ತೀರಿಕೊಂಡ ಅಕ್ಕ ಬಂದಿದ್ಲು' ಅಂತ. ಮನೆಯವರು ಹೆದರಿ ಶಾಂತಿ ಮಾಡಿಸಬೇಕು ಅನ್ನುತ್ತಿದ್ದಾರೆ. ಇಂಥದ್ದು ನಿಮ್ಮ ಮನೆಯಲ್ಲಿ ಆಗಿದೆಯಾ? ಏನು ಮಾಡಿದಿರಿ?

ಶಿಡ್ಲಘಟ್ಟದಿಂದ:
ಆಗಿದೆ. ನಮ್ಮಪ್ಪನಿಗೂ ಹೀಗೇ. ವಾರ್ಡಿನಲ್ಲಿ ಮೊದಲ ಸಲ ಬಾಯಿ ಬಿಟ್ಟಾಗ ನಾನು 'ಅದೆಲ್ಲ ಔಷಧಿ ಅಮಲು, ಸುಮ್ನಿರಿ' ಅಂದುಬಿಟ್ಟೆ. ನಾಲ್ಕು ತಿಂಗಳು ಆ ಮಾತೇ ಎತ್ತಲಿಲ್ಲ. ಆ ತಪ್ಪು ನನ್ನನ್ನು ಇವತ್ತಿಗೂ ಚುಚ್ಚುತ್ತೆ.

ಒಂದು ದಿನ ಹಣ್ಣಾದ ರೇಷ್ಮೆ ಹುಳ ಆರಿಸಿ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡುತ್ತಿದ್ದೆವು. ನನ್ನ ಮುಖ ನೋಡದೆ ಹೇಳಿದರು: 'ಬೆಳಕಿತ್ತು ಮಗಾ. ಕಣ್ಣು ಚುಚ್ಚೋ ಬೆಳಕಲ್ಲ. ಹುಳದ ಮನೆ ಬಾಗಿಲಲ್ಲಿ ನಮ್ಮಮ್ಮ ನಿಂತಿದ್ಲು. ಇನ್ನೂ ಸೊಪ್ಪು ಹಾಕಿಲ್ಲ, ಹೋಗು ಅಂದ್ಲು.' ನಾನು ಏನೂ ಅನ್ನಲಿಲ್ಲ. ಅವರೇ ಅರ್ಧ ಗಂಟೆ ಮಾತಾಡಿದರು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ಆಮೇಲೆ ನಾನು ಓದಿದೆ. ನೆದರ್‌ಲ್ಯಾಂಡ್ಸ್‌ನ ಹೃದಯ ತಜ್ಞ ಪಿಮ್ ವಾನ್ ಲೊಮ್ಮೆಲ್ ಅವರ ತಂಡ ಹೀಗೆ ಬದುಕಿ ಬಂದ 344 ಜನರನ್ನು ಮಾತಾಡಿಸಿ, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದೆ. ಅದರಲ್ಲಿ 62 ಜನ ಇಂಥ ಅನುಭವ ಹೇಳಿದ್ದರು. ನಮ್ಮ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ 1986ರಲ್ಲೇ ಉತ್ತರ ಭಾರತದ 16 ಜನರ ಅನುಭವ ಬರೆದಿದ್ದಾರೆ. ಯಾರೋ ಬಂದು ಕರೆದುಕೊಂಡು ಹೋದರು, 'ಇವನಲ್ಲ, ಬೇರೆಯವನು' ಅಂತ ವಾಪಸ್ ಕಳಿಸಿದರು ಅನ್ನೋದು ಅಲ್ಲಿ ಮತ್ತೆ ಮತ್ತೆ ಬರುತ್ತೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯ ಹಾಗೇ ಇದೆ, ಅಲ್ವಾ?

ಮನೆಯವರಿಗೆ ಸಮಾಧಾನ ಆಗೋದಾದರೆ ಪೂಜೆ ಮಾಡಿಸಿ. ಆದರೆ ಅಪ್ಪನಿಗೆ ಗಾಳಿ ಸೋಕಿದೆ ಅನ್ನೋ ಹಾಗೆ ಮಾತ್ರ ನೋಡಬೇಡಿ.

ಕೋಲಾರದಿಂದ, ಐಸಿಯು ನರ್ಸ್:
ನ್ಯೂಯಾರ್ಕಿನ ಡಾ. ಸ್ಯಾಮ್ ಪರ್ನಿಯಾ ತಂಡದ 2023ರ ಅಧ್ಯಯನದಲ್ಲಿ ಹೃದಯ ನಿಂತ 567 ಜನರಲ್ಲಿ ಬದುಕಿ ಮನೆಗೆ ಹೋದವರು 53 ಜನ ಮಾತ್ರ. ಅವರಲ್ಲಿ 28 ಜನರನ್ನು ಮಾತಾಡಿಸಿದರೆ 11 ಜನರಿಗೆ ಏನೋ ಒಂದು ನೆನಪಿತ್ತು. ಅದಕ್ಕೇ ಎದೆ ಒತ್ತುವಾಗಲೂ ನಾನು ಹೆಸರು ಹಿಡಿದು ಮಾತಾಡಿಸುತ್ತೇನೆ. 'ಇನ್ನು ಆಗಲ್ಲ ಬಿಡಿ' ಅನ್ನೋ ಮಾತು ಮಂಚದ ಹತ್ತಿರ ಬೇಡ.

ಒಂದು ಎಚ್ಚರಿಕೆ. ಅಪ್ಪ ಇರೋ ಜಾಗ, ದಿನ ಮರೆಯುತ್ತಿದ್ದರೆ, ಗೋಡೆ ಮೇಲೆ ಏನೋ ಹರಿದಾಡುತ್ತೆ ಅಂದರೆ, ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ ಅದು ಬೇರೆ ವಿಷಯ. ಡಾಕ್ಟರಿಗೆ ತಡ ಮಾಡದೆ ಹೇಳಿ. ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಎದೆ ನೋವು ಅಂದರೆ ಒತ್ತಿದಾಗ ಪಕ್ಕೆಲುಬು ಮುರಿದಿರಲೂಬಹುದು, ಹೃದಯದ್ದೇ ಇರಲೂಬಹುದು. ನೀವೇ ಊಹೆ ಮಾಡಬೇಡಿ, ತೋರಿಸಿ.

ತುಮಕೂರಿನಿಂದ:
ನಾನೇ ಹಾಗೆ ಬದುಕಿ ಬಂದವನು. ನನಗೆ ಏನೂ ಕಾಣಲಿಲ್ಲ. ಮೆಟ್ಟಿಲು ಹತ್ತುತ್ತಿದ್ದೆ, ಕಣ್ಣು ಬಿಟ್ಟಾಗ ಮೂರನೇ ದಿನ. ನೋಡಲು ಬಂದವರೆಲ್ಲ 'ಏನು ಕಂಡೆ?' ಅಂತಲೇ ಕೇಳುತ್ತಿದ್ದರು, ನನ್ನಲ್ಲೇ ಏನೋ ಕೊರತೆ ಅನ್ನಿಸುತ್ತಿತ್ತು. ಜಾಸ್ತಿ ಜನರಿಗೆ ಏನೂ ನೆನಪಿರಲ್ಲ ಅಂತ ಗೊತ್ತಾದ ಮೇಲೆ ಮನಸ್ಸು ಹಗುರಾಯಿತು. ನಿಮ್ಮಪ್ಪನನ್ನು ಕೆದಕಬೇಡಿ, ಬಂದವರ ಮುಂದೆ ಹೇಳಿಸಬೇಡಿ. ಅವರು ಮಾತಾಡೋದು ರಾತ್ರಿ ತಾನೇ? ನೀವೂ ಹೋಗಿ ಅಮ್ಮನ ಪಕ್ಕ ಕೂತ್ಕೊಳ್ಳಿ. ಲೈಟ್ ಹಾಕಬೇಡಿ.