ಐದು ಹಾಸಿಗೆ, ಒಂದು ಮಷಿನ್: ಬೆಡ್‌ಶೀಟ್ ರಾಶಿಯನ್ನು ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ನಮ್ಮ ಮನೆಯಲ್ಲಿ ಆರು ಜನ. ನಾನು, ಗಂಡ, ಮೂರು ಮಕ್ಕಳು, ಅತ್ತೆ. ಹಾಸಿಗೆ ಐದು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ದಿನದ ಬಟ್ಟೆ ಹೇಗೋ ಸಾಗುತ್ತದೆ. ಸಾಗದೇ ಇರುವುದು ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆ. ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲ ಹಾಸಿಗೆಯದ್ದೂ ಒಟ್ಟಿಗೆ ತೆಗೆದು ಹಾಕುತ್ತೇನೆ. ಸಂಜೆ ನೋಡಿದರೆ ಒಂದಷ್ಟು ಒಗೆದಿರುತ್ತದೆ, ಒಂದಷ್ಟು ಅರ್ಧ ಒಣಗಿರುತ್ತದೆ, ಉಳಿದದ್ದು ಬಚ್ಚಲ ಬಾಗಿಲಲ್ಲಿ ಬಿದ್ದಿರುತ್ತದೆ. ರಾತ್ರಿ ಹತ್ತು ಗಂಟೆಗೆ ಯಾರಾದರೊಬ್ಬರು ಬರೀ ಹಾಸಿಗೆ ಮುಂದೆ ನಿಂತು "ಅಮ್ಮಾ, ಬೆಡ್‌ಶೀಟ್ ಎಲ್ಲಿ?" ಅಂತ ಕೂಗುತ್ತಾರೆ.

ಚಿಕ್ಕವಳಿಗೆ 4 ವರ್ಷ, ವಾರಕ್ಕೆ ಎರಡು ಸಲವಾದರೂ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ. ದೊಡ್ಡವನ ದಿಂಬಿನ ಕವರ್ ಮೇಲೆ ಅಲ್ಲಲ್ಲಿ ಬಣ್ಣ ಹೋಗಿ ಕಿತ್ತಳೆ ಬಣ್ಣದ ಮಚ್ಚೆ, ಯಾಕೆ ಅಂತ ಗೊತ್ತಾಗುತ್ತಿಲ್ಲ. ಅತ್ತೆಗೆ ಸೊಂಟ ನೋವು, ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುತ್ತಾರೆ. ಬೀರುವಿನಲ್ಲಿ ಇಪ್ಪತ್ತರ ಮೇಲೆ ಬೆಡ್‌ಶೀಟ್ ಇವೆ, ಆದರೆ ಬೇಕಾದಾಗ ಒಂದು ಜೊತೆ ಸರಿಯಾಗಿ ಸಿಗುವುದಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ? ಬೈಯದೆ ಹೇಳಿ.

* * *

ಬೈಯೋದು ಯಾಕೆ, ನಾನೂ ಅದೇ ಭಾನುವಾರ ಹತ್ತು ವರ್ಷ ಅನುಭವಿಸಿದ್ದೇನೆ. ನಮ್ಮದು ನಾಲ್ಕು ಹಾಸಿಗೆ. ಮಷಿನ್ ಚಿಕ್ಕದು ಅಂತ ಅಂದುಕೊಂಡು ದೊಡ್ಡದು ತಂದೆವು. ರಾಶಿ ಹಾಗೇ ಇತ್ತು. ಆಮೇಲೆ ಒಂದು ಭಾನುವಾರ ಸುಮ್ನೆ ಕೂತು ನೋಡಿದೆ, ಎಲ್ಲಿ ನಿಲ್ಲುತ್ತಿದೆ ಈ ಕೆಲಸ ಅಂತ. ಮಷಿನ್‌ನಲ್ಲಿ ಅಲ್ಲ, ಹಗ್ಗದಲ್ಲಿ! ಒಗೆಯೋಕೆ ಒಂದು, ಒಂದೂವರೆ ಗಂಟೆ. ಒಣಗೋಕೆ ಅರ್ಧ ದಿನ, ಮೋಡ ಇದ್ದರೆ ಇಡೀ ದಿನ. ನಮ್ಮ ಹಗ್ಗದ ಮೇಲೆ ಡಬಲ್ ಬೆಡ್‌ಶೀಟ್ ಸರಿಯಾಗಿ ಹರಡಿದರೆ ಹಿಡಿಯೋದು ಎರಡೇ. ನಾನು ಎಂಟು ಒಗೆದು ಹಾಕುತ್ತಿದ್ದೆ. ಮಡಚಿ ಮಡಚಿ ಒಂದರ ಮೇಲೊಂದು ನೇತು ಹಾಕಿದರೆ ಮಧ್ಯದ ಪದರ ಒಣಗೋದೇ ಇಲ್ಲ. ಅದಕ್ಕೇ ಆ ಹಸಿ ವಾಸನೆ.

ನಿಮ್ಮ ಹಗ್ಗ ಎಷ್ಟು ಹಿಡಿಯುತ್ತದೆ ಅಂತ ಮೊದಲು ಎಣಿಸಿ. ಒಂದು ದಿನಕ್ಕೆ ಅಷ್ಟೇ ಒಗೆಯಿರಿ, ಒಂದೂ ಜಾಸ್ತಿ ಬೇಡ.

ನಾನು ಈಗ ಒಂದೊಂದು ಹಾಸಿಗೆಗೆ ಒಂದೊಂದು ದಿನ ಕೊಟ್ಟಿದ್ದೇನೆ. ಸೋಮವಾರ ನಮ್ಮದು, ಮಂಗಳವಾರ ಮಗಳದ್ದು, ಹೀಗೆ. ಭಾನುವಾರ ಯಾರದ್ದೂ ಇಲ್ಲ. ಬೆಳಿಗ್ಗೆ ಎದ್ದವರೇ ತಮ್ಮದನ್ನು ತೆಗೆದು ತಂದು ಬುಟ್ಟಿಗೆ ಹಾಕಬೇಕು, ಬೇರೆಯದನ್ನು ಹಾಸಿಕೊಳ್ಳಬೇಕು. ಅದನ್ನು ರಾತ್ರಿ ದಿನದ ಬಟ್ಟೆ ಜೊತೆಗೆ ಮಷಿನ್‌ಗೆ ತುಂಬಿ, ಬೆಳಿಗ್ಗೆ ನಾವು ಏಳೋ ಹೊತ್ತಿಗೆ ಮುಗಿಯೋ ಹಾಗೆ ಟೈಮರ್ ಇಡುತ್ತೇನೆ. ಒಣ ಬಟ್ಟೆ ರಾತ್ರಿಯಿಡೀ ಮಷಿನ್‌ನಲ್ಲಿ ಇದ್ದರೆ ಏನೂ ಆಗಲ್ಲ. ಒಗೆದ ಬಟ್ಟೆ ಇದ್ದರೆ ಕೆಟ್ಟ ವಾಸನೆ. ಸಂಜೆ ಹೊತ್ತಿಗೆ ಒಣಗಿರುತ್ತದೆ, ಮಡಚಿ ಆಯಾ ರೂಮಿಗೆ ಹೋಗುತ್ತದೆ. ಬೀರುವಿಗೆ ಅಲ್ಲ, ಆ ಹಾಸಿಗೆಯ ಹತ್ತಿರವೇ.

ಇನ್ನು ಆ ಇಪ್ಪತ್ತು ಬೆಡ್‌ಶೀಟ್. ಅವೇ ನಿಮ್ಮ ಶತ್ರು. ಜಾಸ್ತಿ ಇದ್ದಷ್ಟೂ ಒಗೆಯೋದನ್ನ ಮುಂದೂಡೋಕೆ ಧೈರ್ಯ ಬರುತ್ತದೆ, ಕೊನೆಗೆ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ಒಂದು ಹಾಸಿಗೆಗೆ ಎರಡು ಜೊತೆ ಸಾಕು. ಚಿಕ್ಕವಳಿಗೆ ಮಾತ್ರ ನಾಲ್ಕು ಇಟ್ಟುಕೊಳ್ಳಿ. ಅಲ್ಲಿಗೆ 12. ಉಳಿದದ್ದರಲ್ಲಿ ನೆಂಟರಿಗೆ ಅಂತ ಒಂದೆರಡು ಕಟ್ಟಿಟ್ಟು, ಹಳೆಯದನ್ನು ಒರೆಸೋ ಬಟ್ಟೆ ಮಾಡಿ. ನನಗೆ ಕತ್ತರಿ ಹಾಕೋಕೆ ಆರು ತಿಂಗಳು ಮನಸ್ಸು ಬಂದಿರಲಿಲ್ಲ, ಅದು ಬೇರೆ ಮಾತು.

* * *

ಮೇಲೆ ಬರೆದ ಅಕ್ಕನ ಮಾತು ಒಪ್ಪುತ್ತೇನೆ, ದಿನಕ್ಕೊಂದು ಹಾಸಿಗೆ ಅನ್ನೋದನ್ನ ಬಿಟ್ಟು. ನಾನು ಪ್ರಯತ್ನಿಸಿದೆ. ವಾರವಿಡೀ ಬೆಡ್‌ಶೀಟ್ ಕಾಲಿಗೆ ಸಿಕ್ಕಿಕೊಂಡ ಹಾಗಿತ್ತು. ಯಾವ ದಿನ ಯಾರದ್ದು ಅಂತ ನೆನಪಿಡೋದೇ ಒಂದು ಕೆಲಸ ಆಯಿತು. ಈಗ ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ, ಅರ್ಧರ್ಧ.

ನನ್ನದು ಒಂದೇ ನಿಯಮ. ಹೊಸದು ಕೈಯಲ್ಲಿ ಇಲ್ಲದೆ ಹಳೆಯದನ್ನು ತೆಗೆಯಬಾರದು. ರಾತ್ರಿ ಹತ್ತು ಗಂಟೆಯ ಕೂಗು ಅಲ್ಲಿಗೆ ನಿಲ್ಲುತ್ತದೆ.

ಜೊತೆ ಸಿಗಲ್ಲ ಅಂದಿರಲ್ಲ, ಅದಕ್ಕೆ: ಬೆಡ್‌ಶೀಟ್ ಮಡಚಿ, ಒಂದು ದಿಂಬಿನ ಕವರ್ ಅದರ ಮೇಲಿಟ್ಟು, ಎರಡನ್ನೂ ಇನ್ನೊಂದು ಕವರ್ ಒಳಗೆ ತುರುಕಿಬಿಡಿ. ಇಡೀ ಜೊತೆ ಒಂದು ಗಂಟಾಗುತ್ತದೆ. ಎಲಾಸ್ಟಿಕ್ ಬೆಡ್‌ಶೀಟ್ ಚೆನ್ನಾಗಿ ಮಡಚೋಕೆ ಬರಲ್ಲ ಅನ್ನೋ ಸಂಕಟವೂ ಇಲ್ಲ, ಉಂಡೆ ಮಾಡಿ ಒಳಗೆ ಹಾಕಿದರೆ ಯಾರು ನೋಡುತ್ತಾರೆ?

* * *

ಚಿಕ್ಕವಳ ವಿಷಯಕ್ಕೆ ನಾನು. ನನ್ನ ಇಬ್ಬರೂ ಮಕ್ಕಳು ಐದು ದಾಟುವವರೆಗೆ ರಾತ್ರಿ ಒದ್ದೆ ಮಾಡುತ್ತಿದ್ದರು. ಆ ವಯಸ್ಸಿಗೆ ಇದು ತೀರಾ ಸಾಮಾನ್ಯ, ಚಿಂತೆ ಬೇಡ.

ಹಾಸಿಗೆಯನ್ನು ಪದರ ಪದರವಾಗಿ ಹಾಸಿ. ಕೆಳಗೆ ನೀರು ಇಳಿಯದ ಪ್ರೊಟೆಕ್ಟರ್, ಅದರ ಮೇಲೆ ಬೆಡ್‌ಶೀಟ್. ಅದರ ಮೇಲೆ ಮತ್ತೆ ಇನ್ನೊಂದು ಪ್ರೊಟೆಕ್ಟರ್, ಇನ್ನೊಂದು ಬೆಡ್‌ಶೀಟ್. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮೇಲಿನ ಎರಡನ್ನು ಎಳೆದು ತೆಗೆದರೆ ಆಯಿತು, ಕೆಳಗೆ ಒಣ ಹಾಸಿಗೆ ಸಿದ್ಧ. ಲೈಟ್ ಹಾಕದೆ, ಅರ್ಧ ನಿದ್ದೆಯಲ್ಲೇ ಮಾಡಿದ್ದೇನೆ. ಮಗು ಪೂರ್ತಿ ಎಚ್ಚರ ಆಗುವುದೂ ಇಲ್ಲ.

ತೆಗೆದದ್ದನ್ನು ಹಾಗೇ ಬುಟ್ಟಿಗೆ ಹಾಕಬೇಡಿ. ಒಮ್ಮೆ ತಣ್ಣೀರಲ್ಲಿ ಜಾಲಿಸಿ ಬಕೆಟ್ ಅಂಚಿಗೆ ಹಾಕಿ, ಬೆಳಿಗ್ಗೆ ಒಗೆಯಿರಿ. ಬಿಸಿನೀರು ಮೊದಲೇ ಬೇಡ. ರಕ್ತ, ಮಗು ಕಕ್ಕಿದ ಹಾಲು, ಇವಕ್ಕೂ ಅಷ್ಟೇ. ಇವುಗಳಲ್ಲಿ ಪ್ರೋಟೀನ್ ಇರುತ್ತದೆ, ಬಿಸಿ ತಗುಲಿದರೆ ಕಲೆ ನೂಲಿಗೆ ಗಟ್ಟಿಯಾಗಿ ಕೂತುಬಿಡುತ್ತದೆ. ವಾಸನೆ ಹೋಗದಿದ್ದರೆ ಎನ್‌ಜೈಮ್ ಇರೋ ಪುಡಿ ಹಾಕಿ ಸ್ವಲ್ಪ ಹೊತ್ತು ನೆನೆಸಿ.

ಮೂತ್ರ ಆದ ಬಟ್ಟೆಗೆ ಬ್ಲೀಚ್ ಮಾತ್ರ ಸುರಿಯಬೇಡಿ. ಮೂತ್ರದಲ್ಲಿರೋ ಅಮೋನಿಯಾ ಜೊತೆ ಸೇರಿ ವಿಷದ ಗಾಳಿ ಬರುತ್ತದೆ. ಬ್ಲೀಚ್ ಜೊತೆ ವಿನೆಗರ್ ಸೇರಿಸೋದೂ ಅಷ್ಟೇ ಅಪಾಯ. ನಾನು ಒಮ್ಮೆ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಹಾಗೆ ಮಾಡಿ, ಕಣ್ಣು ಉರಿದು, ಕೆಮ್ಮುತ್ತಾ ಹೊರಗೆ ಓಡಿ ಬಂದಿದ್ದೇನೆ.

ಪ್ರೊಟೆಕ್ಟರ್‌ಗೆ ಸಾಫ್ಟ್‌ನರ್ ಹಾಕಬೇಡಿ, ಅದರ ಜಿಡ್ಡು ಮೇಲೆ ಕೂರುತ್ತದೆ. ಬಿಸಿ ಎಷ್ಟು ತಡೆಯುತ್ತದೆ ಅನ್ನೋದನ್ನ ಅದರ ಚೀಟಿಯಲ್ಲೇ ನೋಡಿ.

* * *

ದೊಡ್ಡವನು ಹದಿಹರೆಯದ ಹುಡುಗನಾ? ಮೊಡವೆಗೆ ಕ್ರೀಮ್ ಹಚ್ಚುತ್ತಾನಾ? ಹಾಗಿದ್ದರೆ ಅದರ ಟ್ಯೂಬ್ ಮೇಲೆ ಬೆನ್‌ಜಾಯ್ಲ್ ಪೆರಾಕ್ಸೈಡ್ ಅಂತ ಇದೆಯಾ ನೋಡಿ. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ. ಕಲೆ ಅಲ್ಲ, ಬಣ್ಣವೇ ಹೋಗಿರೋದು. ಎಷ್ಟು ಉಜ್ಜಿದರೂ ಬರಲ್ಲ. ನಾನು ಎರಡು ತಿಂಗಳು ಸೋಪನ್ನು ದೂರಿ, ಮೂರು ತರದ ಪುಡಿ ಬದಲಾಯಿಸಿದ ಮೇಲೆ ಗೊತ್ತಾಯಿತು. ಅವನಿಗೆ ಬರೀ ಬಿಳಿ ಕವರ್ ಕೊಡಿ, ಟವೆಲ್ಲೂ ಬಿಳಿ.

* * *

ನಾನು ಹಾಸಿಗೆ ಹಿಡಿದ ಅಪ್ಪನನ್ನು ಮೂರು ವರ್ಷ ನೋಡಿಕೊಂಡವನು. ನಿಮ್ಮ ಅತ್ತೆಯವರಿಗೆ ಅಷ್ಟು ಕಷ್ಟ ಇಲ್ಲ ಅನ್ನಿಸುತ್ತದೆ, ಆದರೂ ಇದು ಉಪಯೋಗ ಆಗಬಹುದು. ಪೂರ್ತಿ ಬೆಡ್‌ಶೀಟ್ ಮೇಲೆ, ಬೆನ್ನಿನಿಂದ ಮಂಡಿಯವರೆಗೆ ಬರುವ ಹಾಗೆ, ಅಡ್ಡಲಾಗಿ ಒಂದು ಅರ್ಧ ಬೆಡ್‌ಶೀಟ್ ಹಾಸಿ. ಎರಡೂ ತುದಿಯನ್ನು ಹಾಸಿಗೆ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ಬೆವರು, ಚೆಲ್ಲಿದ್ದು, ಎಲ್ಲ ಅದರ ಮೇಲೇ. ದಿನಾ ಅದನ್ನು ಮಾತ್ರ ಬದಲಾಯಿಸಿ. ದೊಡ್ಡದನ್ನು ವಾರಕ್ಕೊಮ್ಮೆ ತೆಗೆದರೆ ಸಾಕು. ಹಳೆಯ ಹತ್ತಿ ಬೆಡ್‌ಶೀಟ್ ಹರಿದು ಅಂಚು ಹೊಲಿದರೆ ಎರಡು ಸಿಗುತ್ತವೆ, ಮೇಲಿನ ಅಕ್ಕ ಕತ್ತರಿ ಹಾಕೋ ಮೊದಲು ನೋಡಿಕೊಳ್ಳಿ. ಸುಕ್ಕು ಮಾತ್ರ ಇರಬಾರದು. ಒಂದೇ ಕಡೆ ಮಲಗುವವರಿಗೆ ಸುಕ್ಕು ಒತ್ತಿ ಚರ್ಮ ಕೆಂಪಾಗುತ್ತದೆ. ಅಪ್ಪನಿಗೆ ಸೊಂಟದ ಹತ್ತಿರ ಹಾಗೆ ಆದದ್ದು ಮೊದಲು ಕಂಡಿದ್ದು ನನಗಲ್ಲ, ನನ್ನ ತಂಗಿಗೆ. ಇವತ್ತಿಗೂ ಬೆಡ್‌ಶೀಟ್ ಹಾಸಿದ ಮೇಲೆ ನನ್ನ ಕೈ ಒಮ್ಮೆ ತಾನಾಗಿಯೇ ಅದರ ಮೇಲೆ ಸವರುತ್ತದೆ.

* * *

ಮಷಿನ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ರಜಾಯಿ ಕವರ್ ಬಟನ್ ಹಾಕದೆ ಒಗೆದರೆ ಅದು ಬಾಯಿ ತೆರೆದ ಚೀಲ. ಉಳಿದ ಬಟ್ಟೆಯನ್ನೆಲ್ಲ ನುಂಗುತ್ತದೆ. ಒಳಗೆ ಒದ್ದೆ ಉಂಡೆಯಾಗಿ ಕಾಲುಚೀಲ, ಬನಿಯನ್ ಎಲ್ಲ ಸಿಗುತ್ತವೆ, ಸೋಪು ಹಾಗೇ ಅಂಟಿಕೊಂಡು. ಬಟನ್, ಜಿಪ್ ಹಾಕಿ, ಒಳಮೈ ಹೊರಗೆ ಮಾಡಿ ಹಾಕಿ.

ಒಂದೇ ಒಂದು ದೊಡ್ಡ ಬೆಡ್‌ಶೀಟ್ ಹಾಕಿದರೆ ಹಿಂಡುವಾಗ ಒಂದು ಕಡೆ ಗಂಟಾಗಿ ಮಷಿನ್ ಗಡಗಡ ಅಲುಗಾಡಿ ನಿಲ್ಲುತ್ತದೆ. ನೀರು ಸೋರುತ್ತಾ ಹೊರಗೆ ಬರುತ್ತದೆ. ಎರಡು ಹಾಕಿ, ಇಲ್ಲ ಒಂದರ ಜೊತೆ ನಾಲ್ಕು ಟವೆಲ್ ಹಾಕಿ. ಹಾಗಂತ ತುರುಕಲೂಬೇಡಿ. ಮುಂದೆ ಬಾಗಿಲಿರೋ ಮಷಿನ್ ಆದರೆ ಬಟ್ಟೆಯ ಮೇಲೆ ಒಂದು ಅಂಗೈ ಆರಾಮಾಗಿ ಹೋಗುವಷ್ಟು ಜಾಗ ಇರಲಿ. ಪುಡಿ ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ ಅಲ್ಲ, ನೊರೆ ಉಳಿದು ಬಟ್ಟೆ ಬಿರುಸಾಗುತ್ತದೆ, ಮೈ ಕೆರೆಯುತ್ತದೆ.

ಒಣಹಾಕುವಾಗ ಎರಡು ಹಗ್ಗ ಪಕ್ಕಪಕ್ಕ ಇದ್ದರೆ ಬೆಡ್‌ಶೀಟನ್ನು ಎರಡರ ಮೇಲೂ ಡೇರೆ ಹಾಗೆ ಹರಡಿ. ಮಧ್ಯೆ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಅದಕ್ಕೂ ಮೊದಲು ಇಬ್ಬರು ಎರಡು ತುದಿ ಹಿಡಿದು ಪಟ್ ಅಂತ ಒಮ್ಮೆ ಕೊಡವಿ. ಇಸ್ತ್ರಿ ಉಳಿಯುತ್ತದೆ. ಮಕ್ಕಳಿಗೆ ಈ ಕೆಲಸ ಇಷ್ಟ, ಮೊದಲ ಎರಡು ದಿನ.

* * *

ಒಂದು ಸಣ್ಣ ಪ್ರಶ್ನೆ. ಎಲ್ಲವನ್ನೂ ವಾರಕ್ಕೊಮ್ಮೆ ಒಗೆಯಲೇಬೇಕಾ? ನಮ್ಮಲ್ಲಿ ದಿಂಬಿನ ಕವರ್ ವಾರಕ್ಕೆ ಎರಡು ಸಲ, ಬೆಡ್‌ಶೀಟ್ ವಾರಕ್ಕೊಮ್ಮೆ, ಸ್ನಾನ ಮಾಡಿ ಮಲಗುವವರದ್ದು ಎರಡು ವಾರಕ್ಕೊಮ್ಮೆ, ಹೊದಿಕೆ ತಿಂಗಳಿಗೆ. ಮುಖದ ಎಣ್ಣೆ, ತಲೆ ಎಣ್ಣೆ, ಜೊಲ್ಲು, ಎಲ್ಲ ಹೋಗಿ ಸೇರೋದು ದಿಂಬಿಗೆ ತಾನೇ? ಕವರ್ ಎಷ್ಟು ಸಣ್ಣದು, ಕರವಸ್ತ್ರದ ಜೊತೆ ಒಗೆದು ಹಾಕಬಹುದು. ಅದನ್ನು ಬದಲಾಯಿಸಿದರೆ ಇಡೀ ಹಾಸಿಗೆ ಹೊಸದು ಅನ್ನಿಸುತ್ತದೆ.

ಆದರೆ ಮನೆಯಲ್ಲಿ ಯಾರಿಗಾದರೂ ಧೂಳಿನ ಅಲರ್ಜಿ, ಉಬ್ಬಸ ಇದ್ದರೆ ನನ್ನ ಸೋಮಾರಿತನ ಅನುಸರಿಸಬೇಡಿ. ಅವರದ್ದು ವಾರಕ್ಕೊಮ್ಮೆ, 60 ಡಿಗ್ರಿ ನೀರಲ್ಲಿ. ಆ ಬಿಸಿಗೆ ಹಾಸಿಗೆಯ ಧೂಳುಹುಳ ಸಾಯುತ್ತದೆ. ತಣ್ಣೀರಲ್ಲಿ ಒಗೆದರೆ ಕೊಳೆ ಹೋಗುತ್ತದೆ, ಹುಳ ಬಹಳಷ್ಟು ಉಳಿಯುತ್ತದೆ.

* * *

ಪ್ರಶ್ನೆ ಕೇಳಿದವಳು ಮತ್ತೆ ಬಂದಿದ್ದೇನೆ, ಒಂದು ತಿಂಗಳ ಮೇಲೆ. ಎಲ್ಲರಿಗೂ ಥ್ಯಾಂಕ್ಸ್.

ಮಚ್ಚೆ ಕ್ರೀಮಿನದ್ದೇ. ಟ್ಯೂಬ್ ತಂದು ತೋರಿಸಿದಾಗ ಮಗ "ನಾನು ಆಗಲೇ ಹೇಳಿದೆನಲ್ಲ, ನಂದಲ್ಲ ತಪ್ಪು" ಅಂದ. ಅವನು ಏನೂ ಹೇಳಿರಲಿಲ್ಲ. ಈಗ ಬಿಳಿ ಕವರ್.

ಹಗ್ಗ ಎಣಿಸಿದೆ. ಮೂರು. ಹಾಗಾಗಿ ವಾರದಲ್ಲಿ ಎರಡು ದಿನ ಅನ್ನೋದೇ ನಮಗೆ ಹೊಂದಿತು, ಒಂದು ದಿನ ಮೂರು, ಇನ್ನೊಂದು ದಿನ ಎರಡು. ಟೈಮರ್ ಇಡೋದು ಬಹಳ ಅನುಕೂಲ, ನಮ್ಮ ಮಷಿನ್‌ನಲ್ಲಿ ಆ ಬಟನ್ ಇದೆ ಅಂತಲೇ ಐದು ವರ್ಷ ನೋಡಿರಲಿಲ್ಲ. ಚಿಕ್ಕವಳ ಹಾಸಿಗೆಗೆ ಎರಡು ಪದರ ಹಾಕಿದ ಮೇಲೆ ನಾನು ರಾತ್ರಿ ಐದು ನಿಮಿಷದಲ್ಲಿ ವಾಪಸ್ ಮಲಗುತ್ತೇನೆ.

ಅಡ್ಡ ಬಟ್ಟೆ ಅತ್ತೆಗೆ ಮೊದಲು ಬೇಜಾರಾಯಿತು. "ನಾನೇನು ಮಗುವಾ?" ಅಂದರು. ಸುಮ್ಮನಾದೆ. ಎರಡು ದಿನ ಬಿಟ್ಟು ಅವರೇ ಹಳೆಯ ಹತ್ತಿ ಸೀರೆ ತೆಗೆದು, ನಾಲ್ಕು ಮಡಿಕೆ ಮಾಡಿ, ಅಂಚು ಹೊಲಿದು ಹಾಸಿಕೊಂಡಿದ್ದಾರೆ. ನನ್ನ ಬೆಡ್‌ಶೀಟ್ ತುಂಡಿಗಿಂತ ಅದೇ ಮೆತ್ತಗೆ ಅಂತೆ.

ಬೀರುವಿನಲ್ಲಿ ಇನ್ನೂ ಹದಿನೆಂಟು ಇವೆ. ಕತ್ತರಿ ಎತ್ತಿಕೊಂಡೆ, ಮತ್ತೆ ಒಳಗಿಟ್ಟೆ.